ಮಹಾಸಭೆಯೆಂದರೆ ಲೆಕ್ಕದ ದಿನ

ನಮ್ಮ ಪಟ್ಟಣಗಳಲ್ಲಿ ಕ್ರೀಡಾ ಸಂಘಗಳಿಗೂ ಯುವಕ ಮಂಡಲಗಳಿಗೂ ಬರವಿಲ್ಲ. ಆದರೆ ಅವುಗಳ ವಾರ್ಷಿಕ ಮಹಾಸಭೆಗಳು ನಡೆಯುವ ರೀತಿ ವಿಷಾದನೀಯ. ಮುನ್ನಾದಿನ ಸುದ್ದಿ ಮುಟ್ಟುತ್ತದೆ. ಕೋಶಾಧಿಕಾರಿ ಲೆಕ್ಕಪತ್ರವನ್ನು ಒಂದೇ ಉಸಿರಿಗೆ ಓದುತ್ತಾರೆ. ನಾವು ಕೈಯೆತ್ತಿ ಅಂಗೀಕರಿಸಿ, ಚಹಾ ಕುಡಿದು ಮರಳುತ್ತೇವೆ. ಹಳೆಯ ಸಮಿತಿಯೇ 'ಸರ್ವಾನುಮತ'ದಿಂದ ಮುಂದುವರಿಯುತ್ತದೆ.

ಕಾನೂನು ಇದನ್ನು ಇಷ್ಟು ಹಗುರವಾಗಿ ಕಂಡಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ನೋಂದಾಯಿತ ಸಂಘವು ವರ್ಷಕ್ಕೊಮ್ಮೆಯಾದರೂ ಮಹಾಸಭೆ ಕರೆಯಲೇಬೇಕು; ಪರಿಶೋಧಿತ ಲೆಕ್ಕಪತ್ರವನ್ನು ಅಲ್ಲಿ ಮಂಡಿಸಬೇಕು; ಸಭೆ ನಡೆದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಕೋರಂ, ಮತದಾನದ ವಿಧಾನ ಮೊದಲಾದ ವಿವರಗಳು ಸಂಘದ ಬೈಲಾದಲ್ಲಿರುತ್ತವೆ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಓದಿದ್ದೇವೆ?

ಲೆಕ್ಕ ಕೇಳುವುದನ್ನು ಅವಮಾನವೆಂದು ಭಾವಿಸುವ ರೂಢಿ ನಮ್ಮಲ್ಲಿ ಬೇರೂರಿದೆ. ಸಭೆಯಲ್ಲಿ ಕೇಳದೆ ಉಳಿದ ಪ್ರಶ್ನೆಯೇ ಮರುದಿನ ಚಹಾದಂಗಡಿಯಲ್ಲಿ ಆರೋಪವಾಗುತ್ತದೆ. ಆಗ ಉತ್ತರಿಸಲು ವೇದಿಕೆಯಿಲ್ಲದೆ ಹೆಚ್ಚು ನೋಯುವವರು ಪ್ರಾಮಾಣಿಕ ಕೋಶಾಧಿಕಾರಿಯೇ. ಒಂದು ಶಂಕೆಯಿಂದ ಸಂಘಗಳು ಎರಡಾಗಿ ಒಡೆದುದನ್ನು ನಾವು ಕಂಡಿಲ್ಲವೇ?

ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ನೋಟೀಸಿನೊಂದಿಗೇ ಕಾರ್ಯಸೂಚಿ ಮತ್ತು ಲೆಕ್ಕಪತ್ರದ ಪ್ರತಿ ಸದಸ್ಯರ ಕೈಸೇರಲಿ. ಕಳೆದ ಸಭೆಯ ನಡವಳಿಯನ್ನು ಓದಿ ದೃಢೀಕರಿಸಲಿ. ಚುನಾವಣೆಯ ವೇಳೆ ಸ್ಪರ್ಧೆಯಲ್ಲಿಲ್ಲದವರೊಬ್ಬರು ಅಧ್ಯಕ್ಷಪೀಠದಲ್ಲಿರಲಿ; ಬೇಡಿಕೆ ಬಂದರೆ ಗುಪ್ತ ಮತದಾನ ನಡೆಯಲಿ. ಹಿಂದಿನ ಸಾಲಿನಲ್ಲಿ ಕುಳಿತ ಕಿರಿಯನಿಗೂ ಮಾತಿಗೆ ಅವಕಾಶವಿರಲಿ.

ಹತ್ತು ರೂಪಾಯಿಯ ವಂತಿಗೆಯಾದರೂ ಅದು ಅಮಾನತ್ತು. ಅದರ ಲೆಕ್ಕ ಕೇಳುವುದು ನಮ್ಮ ಹಕ್ಕು ಮಾತ್ರವಲ್ಲ, ಹೊಣೆಯೂ ಹೌದು.