ಸ್ವಯಾರ್ಜಿತ ಹಗರಣ, ಪಿತ್ರಾರ್ಜಿತ ಆರ್ಥಿಕತೆ

1998ರ ಡಿಸೆಂಬರ್‌ನಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಬಿಲ್ ಕ್ಲಿಂಟನ್‌ಗೆ ವಾಗ್ದಂಡನೆ ವಿಧಿಸಿತು. ಅದೇ ಹೊತ್ತಿಗೆ ಗ್ಯಾಲಪ್ ಸಮೀಕ್ಷೆಯಲ್ಲಿ ಅವರನ್ನು ಮೆಚ್ಚಿದವರ ಪ್ರಮಾಣ ಶೇ 73. ಅವರ ಎಂಟು ವರ್ಷಗಳಲ್ಲಿ ಅದಕ್ಕಿಂತ ಮೇಲೆ ಅದು ಹೋಗಲೇ ಇಲ್ಲ. ಶ್ವೇತಭವನದ ಇಂಟರ್ನ್ ಲೆವಿನ್‌ಸ್ಕಿ ಜೊತೆಗಿನ ಸಂಬಂಧದ ಬಗ್ಗೆ ಪ್ರಮಾಣ ಮಾಡಿ ಸುಳ್ಳು ಹೇಳಿದ ಆರೋಪ ಹೊತ್ತವರ ಮೇಲೆ ಜನರಿಗೇಕೆ ಈ ಪ್ರೀತಿ? ಕೈಯಲ್ಲಿ ಕೆಲಸವಿತ್ತು, ಸುಮಾರು ಮೂರು ದಶಕಗಳ ಬಳಿಕ ಬಜೆಟ್‌ನಲ್ಲಿ ಹಣ ಮಿಕ್ಕಿತ್ತು. ನಮ್ಮವರೂ ದೂರುವಂತಿರಲಿಲ್ಲ. ಹಗರಣದ ಗದ್ದಲದ ನಡುವೆಯೇ ಅಕ್ಟೋಬರ್‌ನಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾನೂನು ಎಚ್-1ಬಿ ವೀಸಾಗಳ ವಾರ್ಷಿಕ ಮಿತಿಯನ್ನು 65,000ದಿಂದ 1,15,000ಕ್ಕೆ ಏರಿಸಿತು. ಮಗನನ್ನು ವಿಮಾನ ಹತ್ತಿಸಿದ ಬೆಂಗಳೂರಿನ ಮನೆಗಳಲ್ಲಿ ಲೆವಿನ್‌ಸ್ಕಿ ಪ್ರಕರಣ ಯಾರಿಗೆ ಬೇಕಿತ್ತು?

ಅಧ್ಯಕ್ಷರನ್ನು ಹೋಲಿಸುವವರು ಎಡವುವುದು ಇಲ್ಲೇ. ಹಗರಣ ಅವರ ಸ್ವಯಾರ್ಜಿತ. ಆರ್ಥಿಕತೆ ಬಹುಪಾಲು ಪಿತ್ರಾರ್ಜಿತ. ಎರಡನ್ನೂ ಒಂದೇ ಖಾತೆಗೆ ಬರೆದರೆ ಲೆಕ್ಕ ತಪ್ಪುತ್ತದೆ. ಪ್ರಿನ್ಸ್‌ಟನ್‌ನ ಅಲನ್ ಬ್ಲೈಂಡರ್ ಮತ್ತು ಮಾರ್ಕ್ ವಾಟ್ಸನ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಟ್ರೂಮನ್‌ರಿಂದ ಒಬಾಮರವರೆಗೆ ಡೆಮಾಕ್ರಟಿಕ್ ಅಧ್ಯಕ್ಷರಿದ್ದಾಗ ವಾರ್ಷಿಕ ಬೆಳವಣಿಗೆ ದರ ರಿಪಬ್ಲಿಕನ್ನರ ಕಾಲಕ್ಕಿಂತ ಸುಮಾರು 1.8 ಶೇಕಡಾವಾರು ಅಂಶ ಹೆಚ್ಚಿತ್ತು. ಆದರೆ ಕಾರಣ ಕೆದಕಿದಾಗ ಹೆಚ್ಚಾಗಿ ಸಿಕ್ಕಿದ್ದು ತೈಲಬೆಲೆ, ಉತ್ಪಾದಕತೆ, ಹೊರದೇಶಗಳ ಸ್ಥಿತಿಗತಿ, ಅಧ್ಯಕ್ಷರ ಜಾಣ್ಮೆಯಲ್ಲ. ಬ್ಲೈಂಡರ್ ಒಂದು ಕಾಲಕ್ಕೆ ಕ್ಲಿಂಟನ್‌ರ ಸಲಹೆಗಾರರು. ತಮ್ಮವರಿಗೆ ಪುಕ್ಕಟೆ ಹೊಗಳಿಕೆ ಹಂಚಲಿಲ್ಲವೆಂಬುದು ಮೆಚ್ಚಬೇಕಾದ್ದೇ.

ಜಿಮ್ಮಿ ಕಾರ್ಟರ್ ಬಿಟ್ಟುಹೋದ ಆಸ್ತಿಯನ್ನು ಅನುಭವಿಸಿದ್ದು ರೊನಾಲ್ಡ್ ರೇಗನ್. 1979ರ ಆಗಸ್ಟ್‌ನಲ್ಲಿ ಪಾಲ್ ವೋಲ್ಕರ್‌ರನ್ನು ದೇಶದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ಗೆ ತಂದವರು ಕಾರ್ಟರ್. ಹಣದುಬ್ಬರ ಮಣಿಸಲು ವೋಲ್ಕರ್ ಬಡ್ಡಿದರವನ್ನು ಶೇ 20ರ ಆಸುಪಾಸಿಗೆ ಒಯ್ದರು. ಮರುವರ್ಷ ಕಾರ್ಟರ್ 44 ರಾಜ್ಯಗಳಲ್ಲಿ ಸೋತರು. ಬೆಲೆಗಳು ಹತೋಟಿಗೆ ಬಂದದ್ದು ರೇಗನ್ ಕಾಲದಲ್ಲಿ, ಹೆಸರೂ ಅವರಿಗೇ.

ಹಗರಣ, ಆರ್ಥಿಕತೆ ಎರಡೂ ಸ್ವಯಾರ್ಜಿತವೇ ಎನ್ನಬಹುದಾದವರು ರಿಚರ್ಡ್ ನಿಕ್ಸನ್. ವಾಟರ್‌ಗೇಟ್ ಮುಚ್ಚಿಹಾಕುವ ಮಾತುಗಳನ್ನು ಹಿಡಿದಿಟ್ಟ ಶ್ವೇತಭವನದ ಟೇಪುಗಳಲ್ಲೇ ಇನ್ನೊಂದು ಸಂಭಾಷಣೆಯೂ ಇದೆ: 1972ರ ಚುನಾವಣೆ ಕಣ್ಣಮುಂದಿರುವಾಗ, ಹಣದ ಹರಿವು ಸಡಿಲಿಸುವಂತೆ ಫೆಡರಲ್ ರಿಸರ್ವ್‌ನ ಮುಖ್ಯಸ್ಥ ಆರ್ಥರ್ ಬರ್ನ್ಸ್ ಮೇಲೆ ಹೇರಿದ ಒತ್ತಡ. ಅದಕ್ಕೂ ಮೊದಲೇ, 1971ರ ಆಗಸ್ಟ್‌ನಲ್ಲಿ, ಬೆಲೆ ಮತ್ತು ಸಂಬಳಗಳನ್ನು 90 ದಿನ ಸ್ತಂಭನಗೊಳಿಸಿ ಏರಿಕೆಯ ಬಿಸಿಯನ್ನು ಮುಂದೂಡಿದ್ದೂ ಆಗಿತ್ತು. ಚುನಾವಣೆಯಲ್ಲಿ 49 ರಾಜ್ಯ ಗೆದ್ದರು. ವಾಟರ್‌ಗೇಟ್‌ನಲ್ಲಿ ಎದುರಾಳಿ ಪಕ್ಷದ ಕಚೇರಿಗೆ ನುಗ್ಗಿದ ಕಳ್ಳರು ಸಿಕ್ಕಿಬಿದ್ದು ಆಗಲೇ ಸುಮಾರು ಐದು ತಿಂಗಳಾಗಿತ್ತು, ಮತದಾರರು ತಲೆಕೆಡಿಸಿಕೊಳ್ಳಲಿಲ್ಲ. 1974ರ ಹೊತ್ತಿಗೆ ಹಣದುಬ್ಬರ ಶೇ 11 ಮುಟ್ಟಿತು. ಅರಬ್ ದೇಶಗಳ ತೈಲ ನಿರ್ಬಂಧದ ಪಾಲು ಅದರಲ್ಲಿ ದೊಡ್ಡದೇ. ಆದರೂ ನನ್ನ ಮಟ್ಟಿಗೆ, ಎದುರಾಳಿ ಪಕ್ಷದ ಕಚೇರಿಗೆ ಕನ್ನ ಹಾಕಿದ್ದಕ್ಕಿಂತ ದುಡಿಯುವವರ ಸಂಬಳದ ಬೆಲೆ ಕರಗಿಸುವ ಆಟ ದೊಡ್ಡ ಹಗರಣ.

1974ರ ಜುಲೈನಲ್ಲಿ ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿ ನಿಕ್ಸನ್ ವಿರುದ್ಧ ಮೂರು ಆರೋಪಗಳನ್ನು ಅಂಗೀಕರಿಸಿತು: ನ್ಯಾಯಕ್ಕೆ ಅಡ್ಡಿ, ಅಧಿಕಾರ ದುರುಪಯೋಗ, ಸಂಸತ್ತಿನ ಸಮನ್ಸ್‌ಗೆ ಧಿಕ್ಕಾರ. ಬಡ್ಡಿದರದ ಪ್ರಸ್ತಾಪ ಮೂರರಲ್ಲೂ ಇರಲಿಲ್ಲ.