ಯಂತ್ರ ಬರೆದ ಚಿತ್ರ ಮತ್ತು ಆಟಗಾರರ ಆಕ್ಷೇಪ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ವಿಡಿಯೊ ಆಟಗಳ ವಿಷಯವನ್ನು ಎತ್ತುವುದು ಹಿರಿಯರಾದ ಕೆಲವರಿಗೆ ಅಪ್ರಸ್ತುತವೆನಿಸಬಹುದು. ಆದರೆ ನಮ್ಮ ಶಿರೋಳದ ಮಕ್ಕಳು ಸಂಜೆಯ ಹೊತ್ತು ಮೊಬೈಲಿನಲ್ಲಿ ಯಾವ ಲೋಕದಲ್ಲಿ ಸಂಚರಿಸುತ್ತಾರೆ, ಆ ಲೋಕವನ್ನು ಕಟ್ಟಿದವರು ಯಾರು ಎಂಬುದು ಶಿಕ್ಷಣಕ್ಕೆ ಹೊರಗಿನ ಪ್ರಶ್ನೆಯಲ್ಲ. ನೂರು ಜನ ಒಂದು ದ್ವೀಪಕ್ಕೆ ಇಳಿದು ಕೊನೆಗೆ ಉಳಿದವನೇ ಗೆಲ್ಲುವ ಪಬ್‌ಜಿ ಆಟವನ್ನು ಭಾರತ ಸರ್ಕಾರವು 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. ಮರುವರ್ಷವೇ ಅದೇ ಬಗೆಯ ಆಟ ಬಿಜಿಎಂಐ ಎಂಬ ಹೆಸರಿನಿಂದ ಬಂದಿತು. ಆಗ ನಾವು ಹಿರಿಯರು ಆಟದ ಕೆಡುಕನ್ನು ಚರ್ಚಿಸಿದೆವೇ ಹೊರತು ಅದರೊಳಗಿನ ಕಲೆಯ ಕಡೆಗೆ ಗಮನ ಕೊಡಲಿಲ್ಲ. ಆ ಮಾತನ್ನು ಎತ್ತಿದವರು ಆಟಗಾರರೇ.

ಆಟದಲ್ಲಿ ಕಾಣುವ ಗಿಡ, ಬಂಡೆ, ಗೋಡೆ, ಉಡುಪು, ಕೇಳುವ ಧ್ವನಿ ಇವೆಲ್ಲಕ್ಕೂ ಆ ವೃತ್ತಿಯವರು ಅಸೆಟ್ ಎನ್ನುತ್ತಾರೆ. ನಾಟಕ ಕಂಪನಿಯಲ್ಲಿ ಪರದೆಗೂ ವೇಷಭೂಷಣಕ್ಕೂ ಇದ್ದ ಸ್ಥಾನವೇ ಇಲ್ಲಿ ಇವುಗಳಿಗಿದೆ. ಇಂದು ಈ ಸಾಮಗ್ರಿಯನ್ನು ಚಿತ್ರಕಾರನಿಲ್ಲದೆ ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಕ್ಷಣಾರ್ಧದಲ್ಲಿ ಪಡೆಯಬಹುದಾಗಿದೆ. 2025ರ ಮಾರ್ಚಿನಲ್ಲಿ ‘ಆರ್ಕ್’ ಎಂಬ ಆನ್‌ಲೈನ್ ಉಳಿವಿನ ಆಟದ ಹೊಸ ಭಾಗಕ್ಕೆ ಯಂತ್ರದಿಂದ ತಯಾರಿಸಿದ ಪ್ರಚಾರಚಿತ್ರ ಹೊರಬಂದಾಗ ಅದರ ಅಭಿಮಾನಿಗಳೇ ಅದನ್ನು ಹೀಯಾಳಿಸಿದರು. ಮೂಲ ಆಟವನ್ನು ನಿರ್ಮಿಸಿದ ಸಂಸ್ಥೆಯೂ ಇದು ತನ್ನದಲ್ಲವೆಂದು ಸ್ಪಷ್ಟಪಡಿಸಬೇಕಾಯಿತು. ಆಟಗಳನ್ನು ಮಾರುವ ಸ್ಟೀಮ್ ಮಳಿಗೆಯು 2024ರ ಜನವರಿಯಿಂದ, ಇಂಥ ಸಾಮಗ್ರಿ ಬಳಸಿದ್ದರೆ ಅದನ್ನು ಕೊಳ್ಳುವವರಿಗೆ ತಿಳಿಸಬೇಕೆಂಬ ನಿಯಮ ಮಾಡಿದೆ. ಅದೇ ವರ್ಷದ ಜುಲೈಯಿಂದ ಅಮೆರಿಕದ ಧ್ವನಿನಟರು ಇದೇ ಭಯದಿಂದ ಸುಮಾರು ಹನ್ನೊಂದು ತಿಂಗಳು ಮುಷ್ಕರ ಹೂಡಿದರು.

ಆಟಗಾರರ ಕೋಪ ಯಾವಾಗಲೂ ನ್ಯಾಯವಾದುದೆಂದು ನಾನು ಹೇಳಲಾರೆ. ಜಪಾನಿನ ‘ಪಾಲ್‌ವರ್ಲ್ಡ್’ ಆಟದ ಮೇಲೆ 2024ರಲ್ಲಿ ಪುರಾವೆಯಿಲ್ಲದೆ ಇದೇ ಆರೋಪ ಹೊರಿಸಲಾಯಿತು. ತೊಂಬತ್ತೊಂಬತ್ತು ಜನರನ್ನು ನೆಲಕ್ಕೆ ಕೆಡವಲು ಅಳುಕದವರು ಒಂದು ಗೋಡೆಯ ಬಣ್ಣಕ್ಕಾಗಿ ಇಷ್ಟು ನೊಂದುಕೊಳ್ಳುವುದು ವಿಚಿತ್ರವೆಂದು ನಗುವವರೂ ಇದ್ದಾರೆ. ನನಗೆ ಮಾತ್ರ ಅವರ ನೋವು ಅರ್ಥವಾಗುತ್ತದೆ. ಅದಕ್ಕೆ ಕಾರಣ ನಮ್ಮ ತಾಲ್ಲೂಕಿನಲ್ಲಿಯೇ ಇದೆ.

ಖಿದ್ರಾಪುರದ ಕೋಪೇಶ್ವರ ದೇವಾಲಯವನ್ನು ವಾಚಕರು ಕಂಡೇ ಇರುತ್ತೀರಿ. ಶಿವಾಲಯವಾದರೂ ಅಲ್ಲಿ ಎದುರಿಗೆ ನಂದಿಯಿಲ್ಲ. ದಕ್ಷಯಜ್ಞಕ್ಕೆ ಸತಿಯು ನಂದಿಯನ್ನೇರಿ ಹೋದಳು, ಆಕೆಯ ಅಂತ್ಯದಿಂದ ಶಿವನು ಕೋಪಗೊಂಡನು, ಅವನನ್ನು ಸಮಾಧಾನಪಡಿಸಿದ ವಿಷ್ಣುವೇ ಪಕ್ಕದಲ್ಲಿ ಧೋಪೇಶ್ವರನಾಗಿ ಕುಳಿತನು, ನಂದಿಯು ಕರ್ನಾಟಕದ ಯಡೂರಿನಲ್ಲಿ ಉಳಿಯಿತು ಎಂಬುದು ಜನರ ನಂಬಿಕೆ. ಸ್ವರ್ಗಮಂಟಪದ ಮಾಡು ನಡುವೆ ದುಂಡಗೆ ತೆರೆದು ಆಕಾಶಕ್ಕೆ ಮುಖ ಮಾಡಿದೆ. ಹಳಗನ್ನಡದ ಶಾಸನಗಳೂ ಅಲ್ಲಿವೆ. ಈಗ ಯಂತ್ರಕ್ಕೆ ಕೃಷ್ಣಾತೀರದ ಹಳೆಯ ಶಿವಾಲಯವೊಂದನ್ನು ಬರೆದುಕೊಡೆಂದು ಹೇಳಿರಿ. ಸಾವಿರಾರು ದೇವಾಲಯಗಳ ಚಿತ್ರಗಳನ್ನು ನುಂಗಿರುವ ಅದು ಎಲ್ಲೆಡೆ ಇರುವುದನ್ನೇ ಇಲ್ಲಿಯೂ ಇಡುವ ಸಂಭವವೇ ಹೆಚ್ಚು: ಎದುರಿಗೆ ನಂದಿಯನ್ನು ಕೂರಿಸುತ್ತದೆ, ತೆರೆದ ಮಾಡನ್ನು ಮುಚ್ಚುತ್ತದೆ, ಶಾಸನದ ಜಾಗದಲ್ಲಿ ಅಕ್ಷರದಂತೆ ತೋರುವ, ಅಕ್ಷರವಲ್ಲದ ಗೆರೆಗಳನ್ನು ಎಳೆಯುತ್ತದೆ. ದೊಡ್ಡ ಊರುಗಳವರಿಗೆ ಇದರಿಂದ ನಷ್ಟ ಕಡಿಮೆ. ಗಡಿಯಲ್ಲಿ, ಎರಡು ಭಾಷೆಗಳ ನಡುವೆ ಬಾಳುವ ನಮ್ಮಂಥವರ ವೈಶಿಷ್ಟ್ಯವು ಇಂಥ ಅಪವಾದಗಳಲ್ಲಿಯೇ ಇರುವುದರಿಂದ ಅಳಿಸಿಹೋಗುವುದೂ ಮೊದಲು ಅದೇ.

ಇದು ಕಲ್ಪನೆಯ ಭಯವಲ್ಲ. ಪುಣೆಯಲ್ಲಿಯೇ ‘ರಾಜಿ’ ಎಂಬ ಆಟ 2020ರಲ್ಲಿ, ‘ಇಂಡಸ್’ ಎಂಬ ಉಳಿವಿನ ಆಟ 2024ರಲ್ಲಿ ತಯಾರಾಗಿ ಬಂದಿವೆ. ನಾಳೆ ಯಾರಾದರೂ ನಮ್ಮ ನದೀತೀರವನ್ನು ಆಟಕ್ಕೆ ತರಬಹುದು. ಆಗ ಆ ಕಂಬಗಳನ್ನು ಬಂದು ಅಳೆದು ನೋಡಿ ಬರೆಯುವ ಕೆಲಸ ನಮ್ಮ ಶಾಲೆಯಲ್ಲಿ ಚಿತ್ರ ಕಲಿತ ಹುಡುಗನಿಗೋ ಹುಡುಗಿಗೋ ಸಿಗುವುದೇ ಎಂಬುದು ನನ್ನ ಚಿಂತೆ. ಬಂಡೆ, ಗಿಡಗಳಂಥ ಸಣ್ಣ ಕೆಲಸಗಳಿಂದಲೇ ಹೊಸಬರು ಕೈ ಪಳಗಿಸಿಕೊಳ್ಳುವರು. ಯಂತ್ರವು ಮೊದಲು ಕಸಿಯುವುದೂ ಅವನ್ನೇ.

ಯಂತ್ರವನ್ನೇ ದೂರುವುದು ಸರಿಯಲ್ಲವೆಂದು ಕೆಲವರು ಹೇಳುವರು. ನಿಜ. ನಮ್ಮ ಕೊಲ್ಹಾಪುರದ ಬಾಬುರಾವ್ ಪೇಂಟರ್ (1890–1954) ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು. ಅವರೇ ಮುಂದೆ ಸಿನಿಮಾ ಕ್ಯಾಮೆರಾವನ್ನು ಸ್ವತಃ ನಿರ್ಮಿಸಿ 1920ರಲ್ಲಿ ‘ಸೈರಂಧ್ರಿ’ ಚಿತ್ರವನ್ನು ತೆರೆಗೆ ತಂದರು. ಆದರೆ ಆ ಕ್ಯಾಮೆರಾ ಎದುರಿಗಿದ್ದ ವಸ್ತುವನ್ನು ನೋಡಿತು, ಹಿಂದೆ ಬಾಬುರಾವರ ಕಣ್ಣಿತ್ತು. ಇಂದಿನ ಯಂತ್ರ ನೋಡುವುದು ಇತರರು ಬರೆದುದನ್ನು, ಅದೂ ಬಹುಮಟ್ಟಿಗೆ ಅವರನ್ನು ಕೇಳದೆ.

ಆದುದರಿಂದ ಆಟಗಾರರು ಮಳಿಗೆಯಿಂದ ಪಡೆದ ನಿಯಮವನ್ನು ನಮ್ಮ ಶಾಲೆಯೂ ಅಂಗೀಕರಿಸಬೇಕೆಂದು ವ್ಯವಸ್ಥಾಪಕರಲ್ಲಿ ವಿನಂತಿಸುತ್ತೇನೆ. ಭಿತ್ತಿಪತ್ರವಿರಲಿ, ವಸ್ತುಪ್ರದರ್ಶನವಿರಲಿ, ಮುಂದಿನ ಸ್ಮರಣ ಸಂಚಿಕೆಯ ಮುಖಪುಟವಿರಲಿ, ಪ್ರತಿ ಚಿತ್ರದ ಕೆಳಗೆ ಬರೆದ ಮಗುವಿನ ಹೆಸರನ್ನಾಗಲಿ, ಯಂತ್ರದ್ದೆಂಬ ಮಾತನ್ನಾಗಲಿ ಕನ್ನಡದಲ್ಲಿ ಅಚ್ಚು ಮಾಡಿಸಬೇಕು. ವರ್ಷಕ್ಕೊಮ್ಮೆ ಚಿತ್ರಕಲೆಯ ತರಗತಿಯನ್ನು ಖಿದ್ರಾಪುರಕ್ಕೆ ಕರೆದೊಯ್ಯಬೇಕು; ಬಸ್ಸಿನ ವೆಚ್ಚವನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಕೊಡೋಣ.