ಮನೆಯಲ್ಲಿ ಬಿಯರು: ಕಾಯಿದೆ ಎಲ್ಲರಿಗೂ ಒಂದೇ ಆಗಲಿ

ಮನೆಯಲ್ಲಿಯೇ ಬಿಯರು ತಯಾರಿಸುವ ಹವ್ಯಾಸವು ದೊಡ್ಡ ನಗರಗಳ ಸುಶಿಕ್ಷಿತ ತರುಣರಲ್ಲಿ ಕೆಲವು ವರ್ಷಗಳಿಂದ ಹಬ್ಬುತ್ತಲಿದೆ. ಅದಕ್ಕೆ ಬೇಕಾದ ಮಾಲ್ಟು, ಹಾಪ್ಸ್, ಯೀಸ್ಟುಗಳು ಅಂಚೆಯ ಮೂಲಕ ಮನೆಯ ಬಾಗಿಲಿಗೇ ಬಂದು ಮುಟ್ಟುವ ಈ ಕಾಲದಲ್ಲಿ, ಇಂದು ಬೆಂಗಳೂರಿನಲ್ಲಿ ಕಂಡದ್ದು ನಾಳೆ ಬಳ್ಳಾರಿಗೂ, ನಾಡಿದ್ದು ಸಿರುಗುಪ್ಪ ಕುರುಗೋಡುಗಳಿಗೂ ಬಾರದಿರದು. ಹೀಗಿರಲು ಈ ಕೆಲಸಕ್ಕೆ ಕೈಯಿಕ್ಕುವ ಹೊಸಬನು ತಿಳಿದಿರತಕ್ಕದ್ದೇನು, ಸರಕಾರವು ಮಾಡತಕ್ಕದ್ದೇನು ಎಂಬುದನ್ನು ಮುಂಚಿತವಾಗಿಯೇ ವಿಚಾರಿಸುವುದು ಲೇಸು. ಕುಡಿತವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಒಂದೇ ಕೃತ್ಯವು ಒಬ್ಬನ ಮಹಡಿಯ ಮನೆಯಲ್ಲಿ ವಿನೋದವೆನಿಸಿ ಇನ್ನೊಬ್ಬನ ಗುಡಿಸಲಿನಲ್ಲಿ ಅಪರಾಧವೆನಿಸಬಾರದು ಎಂಬುದಷ್ಟೇ ನಮ್ಮ ವಾದವು.

ಬಿಯರೆಂಬುದು ಭಟ್ಟಿಯಿಳಿಸಿದ ಸಾರಾಯಿಯಲ್ಲವೆಂಬುದನ್ನು ಮೊದಲು ಅರಿಯಬೇಕು. ಜವೆಗೋಧಿಯನ್ನು ನೆನೆಯಿಟ್ಟು ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟು. ಕೂಸುಗಳಿಗೆಂದು ರಾಗಿಯನ್ನು ಮೊಳಕೆ ಕಟ್ಟಿಸಿ ಹಿಟ್ಟು ಮಾಡುವ ನಮ್ಮ ತಾಯಂದಿರಿಗೆ ಇದು ಹೊಸ ವಿದ್ಯೆಯಲ್ಲ. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಕಾಳಿನ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಈ ಮಾಲ್ಟನ್ನು ನುಚ್ಚು ಮಾಡಿ ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ತಾಸು ಇರಿಸಿ, ಸೋಸಿದ ಸಿಹಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವಿನೊಡನೆ ಒಂದು ತಾಸು ಕುದಿಸಿ, ಬೇಗನೆ ಆರಿಸಿ, ಯೀಸ್ಟ್ ಸೇರಿಸಿಟ್ಟರೆ, ಆ ಸೂಕ್ಷ್ಮಜೀವಿಯು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅಂಗಾರಾಮ್ಲ ವಾಯುವನ್ನೂ ಬಿಡುತ್ತದೆ. ಎರಡು ವಾರಗಳಲ್ಲಿ ಕೆಲಸವು ಮುಗಿಯುವುದು. 20 ಲೀಟರಿಗೆ ನಾಲ್ಕೈದು ಕಿಲೋ ಮಾಲ್ಟು ಸಾಕು. ಇದರಲ್ಲಿ ಮದ್ಯಸಾರವು ಸಾಮಾನ್ಯವಾಗಿ ನೂರಕ್ಕೆ ನಾಲ್ಕೈದು ಪಾಲು ಮಾತ್ರ.

ಹೇಳುವುದಕ್ಕೆ ಇದು ಸುಲಭ. ನಮ್ಮ ಸೀಮೆಯಲ್ಲಿ ಮಾಡುವುದು ಸುಲಭವಲ್ಲ. ಸಾಮಾನ್ಯ ಬಿಯರಿನ ಯೀಸ್ಟು 18ರಿಂದ 22 ಡಿಗ್ರಿಯ ತಂಪನ್ನು ಬಯಸುತ್ತದೆ. ಬಳ್ಳಾರಿಯ ಬೇಸಗೆಯು 40 ಡಿಗ್ರಿಯನ್ನು ದಾಟುವುದು ಎಲ್ಲರೂ ಬಲ್ಲ ಸಂಗತಿ. ಚಳಿಗಾಲದ ಹಗಲೂ 30ರ ಸುಮಾರಿಗಿರುತ್ತದೆ. ಅಂಥ ಸೆಕೆಯಲ್ಲಿ ಹುದುಗಿದ ಪಾನೀಯವು ಘಾಟು ಹಿಡಿಯುವುದು, ಇಲ್ಲವೆ ಹುಳಿಯಾಗಿ ಕೆಡುವುದು. ನಾರ್ವೆ ದೇಶದ ರೈತರ ಮನೆಗಳಲ್ಲಿ ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಕ್ವೈಕ್ ಎಂಬ ಯೀಸ್ಟು 35 ಡಿಗ್ರಿಯಲ್ಲಿಯೂ ಕೆಡದೆ ಕೆಲಸ ಮಾಡುತ್ತದೆಂಬುದು ಈಚೆಗೆ ಜಗತ್ತಿಗೆಲ್ಲ ತಿಳಿದುಬಂದಿದೆ. ಮನೆಯ ವಿದ್ಯೆಯೊಂದು ಹಳ್ಳಿಗಳಲ್ಲಿ ಉಳಿದುಬಂದುದರಿಂದ ಬೇರೆ ದೇಶಗಳಿಗೂ ಉಪಕಾರವಾದುದಕ್ಕೆ ಇದೊಂದು ಉದಾಹರಣೆ.

ನಮ್ಮ ನೆಲದ ಧಾನ್ಯಗಳಿಂದಲೇ ಮಾಡಬಾರದೇಕೆ ಎಂದು ಸ್ವದೇಶಾಭಿಮಾನಿಯಾದ ಹೊಸಬನು ಕೇಳಬಹುದು. ಸಿರುಗುಪ್ಪದ ಗದ್ದೆಗಳಲ್ಲಿ ಬತ್ತಕ್ಕೆ ಕೊರತೆಯಿಲ್ಲ. ಆದರೆ ಅಕ್ಕಿಯು ತಾನಾಗಿ ಸಿಹಿನೀರಾಗುವುದಿಲ್ಲ; ಝಾರ್ಖಂಡ, ಒಡಿಶಾಗಳ ಆದಿವಾಸಿಗಳು ಹಂಡಿಯಾ ಎಂಬ ಅನ್ನದ ಮದ್ಯಕ್ಕೆ ಗಿಡಮೂಲಿಕೆ ಕಲಸಿದ ಹಿಟ್ಟಿನ ಉಂಡೆಗಳನ್ನು ಸೇರಿಸಿ ಹುದುಗಿಸುತ್ತಾರೆ. ಇನ್ನು ಎರೆಹೊಲದ ಜೋಳ. ಆಫ್ರಿಕ ಖಂಡದ ಅನೇಕ ದೇಶಗಳಲ್ಲಿ ಜೋಳದ ಮಾಲ್ಟಿನಿಂದಲೇ ಬಿಯರು ಮಾಡುವುದುಂಟು. ಆದರೆ ಎಳೆಯ ಜೋಳದ ಪೈರನ್ನು ಮೇಯ್ದ ದನವು ಬಿದ್ದು ಸಾಯುವುದನ್ನು ನಮ್ಮ ಒಕ್ಕಲಿಗರು ಕಂಡಿದ್ದಾರೆ. ಆ ಚಿಗುರಿನಲ್ಲಿರುವ ವಿಷವಸ್ತುವೇ ಜೋಳದ ಮೊಳಕೆಯ ಕುಡಿಬೇರುಗಳಲ್ಲಿಯೂ ಉಂಟಾಗುತ್ತದೆ. ಒಣಗಿಸಿ ಉಜ್ಜಿ ಅವುಗಳನ್ನು ತೆಗೆದುಹಾಕದೆ ಬಳಸುವುದು ಅಪಾಯಕರ. ಬಾಟಲಿ ತುಂಬುವಾಗ ಹಾಕುವ ಸಕ್ಕರೆಯೂ ಹಾಗೆಯೇ: ಲೀಟರಿಗೆ ಸುಮಾರು 6 ಗ್ರಾಂ ಹಾಕಬೇಕಾದಲ್ಲಿ ಕೈಗೆ ಬಂದಷ್ಟು ಸುರಿದರೆ, ಅಥವಾ ಹುದುಗು ಮುಗಿಯುವ ಮೊದಲೇ ಬಿರಡೆ ಬಿಗಿದರೆ, ಬಾಟಲಿಯು ಒಡೆದು ಗಾಜು ಕಣ್ಣಿಗೆ ಸಿಡಿಯುವುದು. ಅರೆವಿದ್ಯೆಯು ಇಲ್ಲಿ ಬರಿಯ ನಷ್ಟವಲ್ಲ, ಕೇಡು.

ಇವೆಲ್ಲಕ್ಕಿಂತ ದೊಡ್ಡದಾದ ತೊಡಕು ಕಾಯಿದೆಯದು. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಮೇರೆಗೆ, ಪರವಾನಗಿಯಿಲ್ಲದೆ ಯಾವ ಮಾದಕ ಪಾನೀಯವನ್ನೂ ತಯಾರಿಸಕೂಡದು. ತಯಾರಿಸುವ ಉದ್ದೇಶದಿಂದ ಪಾತ್ರೆ ಸಾಮಗ್ರಿಗಳನ್ನು ಇಟ್ಟುಕೊಳ್ಳುವುದೂ ಅಪರಾಧವೇ. ತನ್ನ ಮನೆಯಲ್ಲಿ ತನಗಾಗಿ ಮಾಡಿಕೊಳ್ಳುತ್ತೇನೆಂಬುದು ಸಮರ್ಥನೆಯಾಗದು. ಇದನ್ನು ಹೊಸಬನಿಗೆ ಮೊದಲು ಹೇಳುವವರೇ ಇಲ್ಲ. ಸಾಮಗ್ರಿ ಮಾರುವವರಿಗೆ ಹೇಳುವ ಅಗತ್ಯವೂ ತೋರದು.

ಬಳ್ಳಾರಿಯ ಜನರು ಈ ವಿಷಯದಲ್ಲಿ ಸರಕಾರದ ನಾನಾ ಮುಖಗಳನ್ನು ಕಂಡವರು. ಮದ್ರಾಸು ಪ್ರಾಂತದಲ್ಲಿದ್ದಾಗ, 1937ರಲ್ಲಿ ಸೇಲಂ ಜಿಲ್ಲೆಯಿಂದ ಮೊದಲಾದ ಪಾನನಿರೋಧವು 1948ರ ಅಕ್ಟೋಬರ್ 2ರಂದು ಪ್ರಾಂತದಲ್ಲೆಲ್ಲ ಪೂರ್ಣವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರಿತು. 1967ರಲ್ಲಿ ಮೈಸೂರು ಸರಕಾರವು ಪಾನನಿರೋಧವನ್ನೇ ಕೈಬಿಟ್ಟಿತು. 2003ರಿಂದ ಸರಕಾರದ ಪಾನೀಯ ನಿಗಮವೇ ಮದ್ಯದ ಸಗಟು ವ್ಯಾಪಾರವನ್ನು ನಡೆಸುತ್ತಿದೆ. 2007ರ ಜುಲೈ 1ರಿಂದ ಬಡವನ ಸಾರಾಯಿ ಮಾತ್ರ ನಿಂತಿತು. ಸಿರಿವಂತನ ಸೀಸೆ ನಿಲ್ಲಲಿಲ್ಲ. ಅಬಕಾರಿಯ ಹುಟ್ಟುವಳಿಯು ವರ್ಷಂಪ್ರತಿ ಹಲವು ಸಾವಿರ ಕೋಟಿ ರೂಪಾಯಿಗಳಷ್ಟಿದೆ. ಬೆಂಗಳೂರಿನ ಭೋಜನಶಾಲೆಗಳಲ್ಲಿ ಗಿರಾಕಿಯ ಕಣ್ಣೆದುರಿಗೇ ಬಿಯರು ಮಾಡಿ ಬಡಿಸಲು ಪರವಾನಗಿಯುಂಟು. ಲಕ್ಷಾಂತರ ರೂಪಾಯಿ ಹೂಡಬಲ್ಲವನಿಗೆ ದಾರಿಯಿದೆ. ಹತ್ತು ಲೀಟರು ಮಾಡಬಯಸುವ ಗುಮಾಸ್ತನಿಗೂ ಇಲ್ಲ, ಗಡಿಗೆಯೊಂದನ್ನು ಹೂಡುವ ಕೂಲಿಕಾರಳಿಗೂ ಇಲ್ಲ.

ಆದರೆ ಈ ಇಬ್ಬರ ಪಾಡೂ ಒಂದೇ ಎಂದು ಭ್ರಮಿಸಬೇಡಿರಿ. ಪಟ್ಟಣದ ಮನೆಯೊಳಗಿನ ಗಾಜಿನ ಬುಡ್ಡಿಯನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಅದರ ಚಿತ್ರವನ್ನು ತೆಗೆದು ಸ್ನೇಹಿತರಿಗೆ ಹಂಚುವವರೂ ಉಂಟು. ಊರ ಹೊರಗಿನ ಗುಡಿಸಲಿನ ಮಣ್ಣಿನ ಗಡಿಗೆಯಾದರೋ ಒಡೆಯಲ್ಪಡುತ್ತದೆ, ಅದರ ಒಡತಿಯು ಕಚೇರಿಯ ಮೆಟ್ಟಿಲು ಹತ್ತುತ್ತಾಳೆ. ಕಾಯಿದೆಯ ಅಕ್ಷರವು ಇಬ್ಬರಿಗೂ ಸಮಾನ. ಅದರ ಲಾಠಿಯು ಸಮಾನವಲ್ಲ. ಈ ಅಂತರವೇ ನಮಗೆ ಅಸಹ್ಯವಾದುದು.

ಇದಕ್ಕೆ ಪ್ರತಿಯಾಗಿ ಹೇಳತಕ್ಕ ಮಾತುಗಳಿವೆ, ಅವು ಹಗುರವಾದವುಗಳಲ್ಲ. ಪಾನನಿರೋಧಕ್ಕಾಗಿ ರಾಜ್ಯವು ಶ್ರಮಿಸಬೇಕೆಂದು ಸಂವಿಧಾನದ 47ನೆಯ ಅನುಚ್ಛೇದವು ವಿಧಿಸಿದೆ. ಮನೆಯ ಹೆಸರಿನಲ್ಲಿ ಅನುಮತಿ ಪಡೆದು ಹಿತ್ತಿಲ ಬಾಗಿಲಿನಲ್ಲಿ ಮಾರುವವರು ಹುಟ್ಟಿಕೊಳ್ಳಬಹುದು. ಗಂಡನ ಕೂಲಿಯು ಮನೆಗೆ ಬಾರದೆ ಕಣ್ಣೀರಿಡುವ ಹೆಣ್ಣುಮಕ್ಕಳಿಗೆ, ಕುಡಿತವು ಮನೆಯೊಳಕ್ಕೇ ಬರುವುದೆಂಬ ಭಯವು ಸಹಜವಾದುದು. ಕಳ್ಳಭಟ್ಟಿಯ ವಿಷದಿಂದ 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರರಷ್ಟು ಜನರು ಸತ್ತರು. ಸಾರಾಯಿ ನಿಂತ ಮರುವರ್ಷ, 2008ರಲ್ಲಿ, ಕರ್ನಾಟಕ ತಮಿಳುನಾಡುಗಳ ಗಡಿಯಲ್ಲಿ ನೂರಕ್ಕೂ ಮೀರಿ ಜನರು ಸತ್ತರು. ಇವನ್ನು ಮರೆತು ಮಾತಾಡುವುದು ಸಲ್ಲದು. ಆದರೆ ಆ ಸಾವುಗಳನ್ನು ತಂದದ್ದು ಮೆಥನಾಲ್ ಬೆರೆತ ಸಾರಾಯಿ. ಕಾಳು ಹುದುಗಿಸಿದ ಬಿಯರಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕಾಯಿದೆಯು ಜನರಿಗೆ ವಿವೇಕವನ್ನು ಕಲಿಸಲಾರದು. ಸಂಪೂರ್ಣ ಪಾನನಿರೋಧವನ್ನು ಮಾಡುವೆವೆಂದು ಸರಕಾರವು ಹೊರಟರೆ ಅದೊಂದು ನ್ಯಾಯ. ಆಗ ಗಡಿಗೆಯೂ ಬುಡ್ಡಿಯೂ ನಿಗಮದ ಉಗ್ರಾಣವೂ ಒಟ್ಟಿಗೆ ಮುಚ್ಚಲಿ. ತಾನೇ ಸಗಟು ವರ್ತಕನಾಗಿ ಕುಳಿತು, ಮನೆಯ ಗಡಿಗೆಯನ್ನು ಮಾತ್ರ ಪಾಪವೆನ್ನುವ ಸರಕಾರದ ಬಾಯಲ್ಲಿ 47ನೆಯ ಅನುಚ್ಛೇದವು ಶೋಭಿಸದು.

ನಡುದಾರಿಯೊಂದು ಇಲ್ಲದಿಲ್ಲ. ಮದ್ಯವನ್ನು ರಾಜ್ಯದ ಬಿಗಿಯಾದ ಹಿಡಿತದಲ್ಲಿಟ್ಟ ಕೌಟಿಲ್ಯನ ಅರ್ಥಶಾಸ್ತ್ರವೇ, ಗೃಹಸ್ಥರು ಶುಭಕಾರ್ಯಗಳಿಗೆ ಶ್ವೇತಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದು ಅನುಮತಿಯಿತ್ತಿದೆ. ಇಂಗ್ಲೆಂಡಿನಲ್ಲಿ 1880ರಿಂದ ಮನೆಯ ಬಿಯರಿಗೆ ಪರವಾನಗಿ ಬೇಕಾಗಿತ್ತು. 1963ರಲ್ಲಿ ಅದನ್ನು ತೆಗೆದುಹಾಕಿದರು. ಅಮೆರಿಕದಲ್ಲಿ 1978ರ ಕಾನೂನು ವಯಸ್ಕನೊಬ್ಬನಿಗೆ ವರ್ಷಕ್ಕೆ 100 ಗ್ಯಾಲನ್ನಿನ ಮಿತಿಯನ್ನಿಟ್ಟು ತೆರಿಗೆಯಿಲ್ಲದೆ ಅನುಮತಿಸಿತು. ಭಟ್ಟಿಯಿಳಿಸುವುದು ಅಲ್ಲಿ ಆಗಲೂ ಈಗಲೂ ಅಪರಾಧವೇ. ನಮ್ಮ ದೇಶದಲ್ಲಿಯೇ ಕೆಲವು ರಾಜ್ಯಗಳ ಕಾಯಿದೆಗಳು ಆದಿವಾಸಿಗಳ ಮನೆಬಳಕೆಯ ಮದ್ಯಕ್ಕೆ ವಿನಾಯಿತಿಯನ್ನು ಕೊಟ್ಟಿವೆ. ಮದ್ಯವು ಸಂವಿಧಾನದಲ್ಲಿ ರಾಜ್ಯಪಟ್ಟಿಗೆ ಸೇರಿದ ವಿಷಯವಾದ್ದರಿಂದ ದಿಲ್ಲಿಯ ಅಪ್ಪಣೆಯನ್ನು ಕಾಯಬೇಕಾದುದೂ ಇಲ್ಲ.

ಆದಕಾರಣ ನಮ್ಮ ಸೂಚನೆಯಿಷ್ಟು. ಹುದುಗಿಸಿದ ಪಾನೀಯಕ್ಕೆ ಮಾತ್ರ, ಮನೆಬಳಕೆಗೆ ಮಾತ್ರ, ಗೊತ್ತಾದ ಮಿತಿಯೊಳಗೆ ಪರವಾನಗಿಯನ್ನು ಕೊಡಬೇಕು. ಅದರ ಅರ್ಜಿಯು ಕನ್ನಡದಲ್ಲಿರಬೇಕು. ಕುರುಗೋಡಿನ ಕೂಲಿಕಾರನೂ ಬಳ್ಳಾರಿಯ ವಕೀಲನೂ ತಮ್ಮ ತಾಲ್ಲೂಕಿನಲ್ಲಿಯೇ ಸಲ್ಲಿಸುವಂತಿರಬೇಕು. ಶುಲ್ಕವು ಒಂದು ದಿನದ ಕೂಲಿಯನ್ನು ಮೀರಬಾರದು. ಒಂದು ಸೀಸೆ ಮಾರಿದರೂ ಪರವಾನಗಿ ರದ್ದಾಗತಕ್ಕದ್ದು. ಭಟ್ಟಿಯಿಳಿಸುವವನಿಗೆ ಈಗಿರುವ ಶಿಕ್ಷೆಯೇ ಇರಲಿ. ಪಾತ್ರೆಯು ಗಾಜಿನದೋ ಮಣ್ಣಿನದೋ ಎಂದು ಅಧಿಕಾರಿಯು ನೋಡಕೂಡದು.

ಹೊಸಬರಿಗೂ ಒಂದು ಮಾತು. ಕಾಯಿದೆಯು ತಪ್ಪೆಂದು ತೋರಿದರೆ ಹತ್ತು ಜನರು ಕೂಡಿ ಬಹಿರಂಗವಾಗಿ ಮನವಿ ಮಾಡಿರಿ, ನಿಮ್ಮ ಶಾಸಕರನ್ನು ಕೇಳಿರಿ. ಕದ್ದು ಮಾಡುವುದು ಧೈರ್ಯವೂ ಅಲ್ಲ, ಸುಧಾರಣೆಯೂ ಅಲ್ಲ. ಅಲ್ಲಿಯವರೆಗೆ ಹುದುಗಿನ ಮರ್ಮವನ್ನು ಕಲಿಯಲು ಮನೆಯಲ್ಲಿಯೇ ಶಾಲೆಯುಂಟು. ಜೋಳದ ಹಿಟ್ಟಿನ ಅಂಬಲಿಯು ರಾತ್ರಿ ಕಳೆಯುವುದರೊಳಗೆ ಏಕೆ ಹುಳಿಯಾಯಿತು, ಇಡ್ಲಿಯ ಹಿಟ್ಟು ಬೇಸಗೆಯಲ್ಲಿ ಬೇಗನೆಯೂ ಚಳಿಯಲ್ಲಿ ತಡವಾಗಿಯೂ ಏಕೆ ಉಬ್ಬಿತು ಎಂದು ಅಜ್ಜಿಯನ್ನು ಕೇಳಿ ತಿಳಿಯಿರಿ. ಪಾತ್ರೆಯ ಶುಚಿ, ಕಾವಿನ ಅಳತೆ, ಕಾಯುವ ತಾಳ್ಮೆ ಈ ಮೂರನ್ನೂ ಅಲ್ಲಿ ಕಲಿತವನು, ಪರವಾನಗಿಯು ಕೈಗೆ ಬಂದ ದಿನ, ಬಾಟಲಿ ಒಡೆದುಕೊಳ್ಳಲಾರನು.